ಶ್ರೀಲಂಕಾದಿಂದ ಬಂದ ಯೋಧರ ಪತ್ರಗಳು: ಇನ್ನು ಓದುವವರು ಯಾರು?

2025ರ ಏಪ್ರಿಲ್ 5ರಂದು ಪ್ರಧಾನಿ ನರೇಂದ್ರ ಮೋದಿ ಕೊಲಂಬೊ ಬಳಿಯ ಭಾರತೀಯ ಶಾಂತಿಪಾಲನಾ ಪಡೆ (ಐಪಿಕೆಎಫ್) ಸ್ಮಾರಕಕ್ಕೆ ಗೌರವ ಸಲ್ಲಿಸಿದರು. ಅಂತರ್ಯುದ್ಧದ ನಡುವೆ 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ಶ್ರೀಲಂಕಾದಲ್ಲಿದ್ದ ಈ ಪಡೆ ಸುಮಾರು 1,200 ಯೋಧರನ್ನು ಕಳೆದುಕೊಂಡಿತು. ಅವರ ಹೆಸರು ಕಲ್ಲಿನ ಮೇಲಿದೆ. ಕ್ಯಾಂಪಿನ ದಿನಚರಿ ಎಲ್ಲಿದೆ?

ಅದು ಮನೆಗೆ ಬಂದ ಪತ್ರಗಳಲ್ಲಿದೆ. ಯೋಧನ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ನಂಬರ್, ಹೆಸರು, ಯುನಿಟ್, ಕೊನೆಗೆ '56 ಎಪಿಒ' ಅಥವಾ '99 ಎಪಿಒ', ಅಷ್ಟೇ. ಮೊದಲನೆಯದು ದೆಹಲಿಯ, ಎರಡನೆಯದು ಕೋಲ್ಕತ್ತಾದ ಸೇನಾ ಅಂಚೆ ಕೇಂದ್ರ. ಗಂಡ ಜಾಫ್ನಾದಲ್ಲಿದ್ದಾನೋ ಟ್ರಿಂಕೋಮಲಿಯಲ್ಲೋ, ವಿಳಾಸ ನೋಡಿ ಹೆಂಡತಿಗೆ ತಿಳಿಯುವಂತಿರಲಿಲ್ಲ. ಕಾರ್ಯಾಚರಣೆಯ ವಿಷಯ ಬರೆಯುವಂತಿಲ್ಲ. ಹಾಗಾಗಿ ಉಳಿಯುವುದು ಊಟ, ಸೊಳ್ಳೆ, ರಜೆ, ಮನಿ ಆರ್ಡರ್. ಪುಸ್ತಕಗಳಲ್ಲಿ ಸಿಗದಿರುವುದೂ ಇದೇ. ಜಾಫ್ನಾದಲ್ಲಿ 54ನೇ ಡಿವಿಷನ್ ಮುನ್ನಡೆಸಿದ ಎಸ್.ಸಿ. ಸರದೇಶಪಾಂಡೆ 'ಅಸೈನ್‌ಮೆಂಟ್ ಜಾಫ್ನಾ' ಬರೆದರು. ಜವಾನ ಬರೆದದ್ದು ಇನ್‌ಲ್ಯಾಂಡ್ ಲೆಟರ್ ಮಾತ್ರ!

ಬೆಳಗಾವಿಯ ಮರಾಠಾ ಲಘು ಪದಾತಿದಳಕ್ಕೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯವರು ಸೇರುತ್ತಾರೆ. ಕೆಲಸ ಹುಡುಕಿ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗೆ ಬಂದ ಕನ್ನಡ ಕುಟುಂಬಗಳಲ್ಲಿ ಫೌಜಿಗಳ ಮನೆಗಳೂ ಇರುತ್ತವೆ. ಅಂಥ ಮನೆಯಲ್ಲಿ ಮರಾಠಿ, ಇಂಗ್ಲಿಷ್ ಶಾಲೆಗೆ ಹೋದ ಮೊಮ್ಮಗ ಅಜ್ಜನ ಕನ್ನಡ ಕೈಬರಹ ಓದಲಾರ. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋದರೆ ಟ್ರಂಕಿನ ಕಾಗದವೇ ಮೊದಲು ರದ್ದಿಗೆ ಬೀಳುವುದು. ಇದು ಯಾರ ತಪ್ಪೂ ಅಲ್ಲ, ಆದರೂ ನಷ್ಟ ದೊಡ್ಡದು.

ಇಲ್ಲಿನ ಕನ್ನಡ ಸಂಘಗಳು ಮನಸ್ಸು ಮಾಡಬಹುದು. ಒಂದು ಸ್ಕ್ಯಾನರ್, ಆ ಅಕ್ಷರ ಓದಬಲ್ಲ ಇಬ್ಬರು ಹಿರಿಯರು ಸಾಕು. 1987ರಲ್ಲಿ 25ರ ಹರೆಯದಲ್ಲಿದ್ದ ಜವಾನನಿಗೆ ಈಗ 60 ದಾಟಿದೆ.