ಕೆರೆಯ ಉಸಿರು

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ್ದು ಬೇಸಾಯಕ್ಕೆಂದು. ಈಗ ಅದರ ಆಸುಪಾಸಿನಲ್ಲಿ ಬೆಳೆಯುವುದು ವಿದ್ಯೆ ಮತ್ತು ಕಲೆ. ಪಕ್ಕದಲ್ಲಿ ಮಾನಸಗಂಗೋತ್ರಿ, ಅಲ್ಲಿನ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ. ಹತ್ತಿರದಲ್ಲೇ ಕಲಾಮಂದಿರ, 1989ರಲ್ಲಿ ಆರಂಭವಾದ ರಂಗಾಯಣ. ಕುವೆಂಪು ಅವರು ವಾಯುಸಂಚಾರಕ್ಕೆ ಬರುತ್ತಿದ್ದುದೂ ಇದೇ ಕೆರೆಯ ಬಳಿಗೆ.

ಇಂಥ ಕಡೆ ಮನೆಯಿರುವುದು ಭಾಗ್ಯ. ಅದರೊಂದಿಗೆ ಹೊಣೆಯೂ ಇದೆ. ಕೊಳಚೆ ನೀರು ಸೇರಿ ಈ ಕೆರೆ ಹಿಂದೆ ನರಳಿದೆ. ಬಚ್ಚಲು ನೀರು ಕೆರೆಗೆ ಹರಿದರೆ ಆಗುವುದೇನು?

ಅದರಲ್ಲಿರುವ ಸಾರಜನಕ, ರಂಜಕದ ಲವಣಗಳು ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ನಿಜ. ಆದರೆ ರಾತ್ರಿ ಬೆಳಕಿಲ್ಲ. ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಗಳಿಗೂ ಆಮ್ಲಜನಕ ಬೇಕು. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಅದು ತೀರ ಕಡಿಮೆಯಾಗಿ ಮೀನುಗಳು ಸಾಯುತ್ತವೆ. ಮೀನಿಲ್ಲದ ಕೆರೆಗೆ ಹೆಜ್ಜಾರ್ಲೆ ಏಕೆ ಬಂದೀತು?

ಕೆರೆಯ ಹತ್ತಿರ ವಾಸಿಸುವ ಮಕ್ಕಳು ಈ ಭಾನುವಾರ ತಂದೆತಾಯಿಯರೊಂದಿಗೆ ಒಂದು ಚಿಕ್ಕ ಕೆಲಸ ಮಾಡಬಹುದು: ತಮ್ಮ ಮನೆಯ ಬಚ್ಚಲು ನೀರು ಕೊನೆಗೆ ಎಲ್ಲಿ ಸೇರುತ್ತದೆಂದು ಚರಂಡಿಯ ಜಾಡು ಹಿಡಿದು ನೋಡುವುದು. ಕೆರೆ ಉಳಿಸುವ ಪಾಠ ಅಲ್ಲಿಂದಲೇ ಆರಂಭ.