ಮೊಲದ್ದು ಹಟ ಅಲ್ಲ, ಹುಲ್ಲೇ ಸರಿಯಿಲ್ಲ

ನಮ್ಮ ತೋಟದಿಂದ ವಾರಕ್ಕೊಮ್ಮೆ ತರಕಾರಿ ತಗೊಳ್ಳೋ ಬೆಂಗಳೂರಿನ ಮನೆಗಳಲ್ಲಿ ನಾಲ್ಕೈದು ಕಡೆ ಮೊಲ ಸಾಕಿದ್ದಾರೆ. "ಸಾವಯವ ಕ್ಯಾರೆಟ್ ಜಾಸ್ತಿ ಹಾಕಿ, ನಮ್ಮ ಮೊಲ ಬೇರೇನೂ ಮುಟ್ಟಲ್ಲ" ಅನ್ನೋ ಬೇಡಿಕೆ ಪ್ರತಿ ವಾರ ಬರುತ್ತೆ. ಒಣಹುಲ್ಲು ಹಾಕ್ತೀರಾ ಅಂತ ಕೇಳಿದರೆ ಒಂದೇ ಉತ್ತರ: "ಹಾಕಿದ್ವಿ, ಮೂಸಿ ನೋಡಿ ಬಿಟ್ಟುಬಿಡ್ತು. ತುಂಬಾ ಹಟ ಅದಕ್ಕೆ." ತೋಟಗಾರಿಕೆ ಓದಿದವನಿಗೆ ಕ್ಯಾರೆಟ್ ಮಾರೋದು ಲಾಭವೇ. ಆದರೂ ಈ ಮಾತನ್ನು ನಾನು ಒಪ್ಪಲ್ಲ. ಹತ್ತರಲ್ಲಿ ಒಂಬತ್ತು ಮೊಲಗಳದ್ದು ಹಟ ಅಲ್ಲ. ಒಂದೋ ಮುಂದಿಟ್ಟ ಹುಲ್ಲು ಹುಲ್ಲೇ ಅಲ್ಲ, ಇಲ್ಲಾಂದ್ರೆ ಅದರ ಹೊಟ್ಟೆ ಆಗಲೇ ಬೇರೆ ತಿಂಡಿಯಿಂದ ತುಂಬಿದೆ.

ಒಣಹುಲ್ಲು ಯಾಕಿಷ್ಟು ಮುಖ್ಯ ಅಂದ್ರೆ, ಮೊಲಕ್ಕಿರೋ 28 ಹಲ್ಲುಗಳೂ ಜೀವನಪೂರ್ತಿ ಬೆಳೀತಾನೇ ಇರುತ್ತವೆ. ಮುಂದಿನ ಬಾಚಿಹಲ್ಲು ಮಾತ್ರ ಅಲ್ಲ, ಒಳಗಿನ ದವಡೆ ಹಲ್ಲೂ ಕೂಡ. ನಾರಿನ ಹುಲ್ಲನ್ನು ಅಡ್ಡಡ್ಡ ಅರೆದು ಅರೆದು ಅವು ಸವೆಯಬೇಕು. ಕ್ಯಾರೆಟ್ಟನ್ನೋ ಪೆಲೆಟ್ಟನ್ನೋ ಕಟಕಟ ಕಡಿದರೆ ಆ ಅರೆಯುವ ಕೆಲಸ ನಡೆಯಲ್ಲ. ದವಡೆ ಹಲ್ಲು ಮುಳ್ಳಿನ ಹಾಗೆ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತೆ. ನಮ್ಮ ಗ್ರಾಹಕರೊಬ್ಬರ ಮೊಲಕ್ಕೆ ಹೀಗಾಗಿ, ಅರಿವಳಿಕೆ ಕೊಟ್ಟು ಹಲ್ಲು ತೇಯಿಸಬೇಕಾಯ್ತು. ಅದು ಹುಲ್ಲು ಬಿಟ್ಟಿದ್ದು ಸೊಕ್ಕಿಗೆ ಅಂದುಕೊಂಡಿದ್ದರು, ಆದರೆ ಬಾಯಿ ಹುಣ್ಣಾಗಿತ್ತು. ಮೊದಲು ತಿನ್ನುತ್ತಿದ್ದ ಮೊಲ ಇದ್ದಕ್ಕಿದ್ದಂತೆ ಹುಲ್ಲು ಬಿಟ್ಟರೆ, ಗಲ್ಲ ಒದ್ದೆಯಾಗಿದ್ದರೆ, ಈ ಲೇಖನ ಪಕ್ಕಕ್ಕಿಟ್ಟು ಪಶುವೈದ್ಯರ ಹತ್ತಿರ ಹೋಗಿ.

ಹೊಟ್ಟೆಯ ಲೆಕ್ಕವೂ ಹಾಗೇ. ಮೊಲದ ಕರುಳು ಓಡ್ತಾ ಇರಬೇಕು, ಓಡಿಸೋದು ನಾರು. ನಾರು ಕಮ್ಮಿಯಾಗಿ ಸಕ್ಕರೆ, ಪಿಷ್ಟ ಜಾಸ್ತಿಯಾದರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲನ ಕೆಡುತ್ತೆ, ಗ್ಯಾಸ್ ತುಂಬುತ್ತೆ, ಕರುಳು ನಿಂತುಹೋಗುತ್ತೆ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಮೂಲೆಯಲ್ಲಿ ಕೂತಿದೆ ಅಂದ್ರೆ ಅದು ತುರ್ತು ಪರಿಸ್ಥಿತಿ. "ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಿ" ಅನ್ನೋ ನಮ್ಮೂರ ಉಪಾಯ ಎತ್ತಿಗೆ ನಡೆದೀತು, ಮೊಲಕ್ಕೆ ಬೇಡವೇ ಬೇಡ. ಉಪವಾಸ ಕೆಡವಿದರೆ ಯಕೃತ್ತಿನಲ್ಲಿ ಕೊಬ್ಬು ಕಟ್ಟಿ ಸಾಯುತ್ತೆ.

ಈಗ ಅಸಲಿ ವಿಷಯಕ್ಕೆ ಬರೋಣ. ನಾವು ಕನ್ನಡದಲ್ಲಿ 'ಒಣಹುಲ್ಲು' ಅನ್ನೋ ಒಂದೇ ಪದದಲ್ಲಿ ಎರಡು ಬೇರೆ ವಸ್ತುಗಳನ್ನು ಸೇರಿಸಿಬಿಟ್ಟಿದ್ದೀವಿ. ಬಣವೆ ಒಟ್ಟುವ ಭತ್ತದ ಹುಲ್ಲು, ರಾಗಿ ಹುಲ್ಲು, ಇವೆಲ್ಲ ಕಾಳು ತೆಗೆದ ಮೇಲೆ ಉಳಿದ ಕಡ್ಡಿ. ಗಿಡ ತನ್ನ ಸತ್ವವನ್ನೆಲ್ಲ ಕಾಳಿಗೆ ಕಳಿಸಿ ಆಗಿದೆ. ಮೊಲಕ್ಕೆ ಬೇಕಾದ್ದು ಹೂ ಬಿಡೋ ಹೊತ್ತಿಗೆ, ಹಸಿರಾಗಿದ್ದಾಗಲೇ ಕೊಯ್ದು, ಹಸಿರು ಬಣ್ಣ ಉಳಿಯುವ ಹಾಗೆ ಒಣಗಿಸಿದ ಹುಲ್ಲು. ನಮ್ಮ ಕಡೆ ಅದನ್ನು ಮಾಡೋ ರೂಢಿಯೇ ಕಮ್ಮಿ. ಪಟ್ಟಣದವರು ಊರಿಂದ ಒಂದು ಹೊರೆ ಭತ್ತದ ಹುಲ್ಲು ತಂದು ಹಾಕಿ, ಮೊಲ ತಿನ್ನಲಿಲ್ಲ ಅಂತ ಬೇಜಾರು ಮಾಡ್ಕೋತಾರೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಪ್ರೋಟೀನ್ ತೀರಾ ಕಮ್ಮಿ. ಬೇಡ ಅಂತ ಮೂತಿ ತಿರುಗಿಸಿದ ಮೊಲದ ತೀರ್ಮಾನವೇ ಸರಿ. ರಾಗಿ ಹುಲ್ಲು ಅದಕ್ಕಿಂತ ವಾಸಿ, ಕಡಿಯೋಕೆ, ಹಾಸೋಕೆ ಆಗುತ್ತೆ, ಆದರೆ ಅದೇ ಮುಖ್ಯ ಊಟ ಆಗಬಾರದು. ನಮಗೂ 'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಅನ್ನೋ ಚಟ ಇದೆಯಲ್ಲ, ಹುಲ್ಲು ಅಂದ್ರೆ ಹುಲ್ಲೇ ಅಂತ ವಾದ ಮಾಡ್ತೀವಿ.

ಇನ್ನೊಂದು ತುದಿಯವರು ಹೊರದೇಶದ ತಿಮೋತಿ ಹುಲ್ಲನ್ನೇ ಆನ್‌ಲೈನಲ್ಲಿ ತರಿಸ್ತಾರೆ. ಅದು ಒಳ್ಳೆಯದೇ, ಕೈಗೆಟುಕಿದರೆ ತರಿಸಿ. ಅದು ತಂಪು ಪ್ರದೇಶದ ಹುಲ್ಲು, ನಮ್ಮ ಬಯಲುಸೀಮೆಯಲ್ಲಿ ಬೆಳೆಯಲು ಹೋಗಬೇಡಿ. ಆದರೆ ಮೊಲಕ್ಕೆ ಬೇಕಿರೋದು ತಿಮೋತಿ ಅನ್ನೋ ಹೆಸರಲ್ಲ. ಬದುವಿನ ಮೇಲಿನ ಗರಿಕೆ, ರೋಡ್ಸ್ ಹುಲ್ಲು, ಎಳೆಯ ಗಿನಿ ಹುಲ್ಲು ಇವೆಲ್ಲ ಚೆನ್ನಾಗಿ ಒಣಗಿದರೆ ಸಾಕು. ಗರಿಕೆಯನ್ನಂತೂ ಮೊಲಗಳು ಬಿಡೋದು ಅಪರೂಪ. ನೇಪಿಯರ್ ಮಾತ್ರ ನನಗಿಷ್ಟ ಇಲ್ಲ: ದಂಟು ದಪ್ಪ, ಒಳಗೆ ಒಣಗಲ್ಲ, ಆಕ್ಸಲೇಟ್ ಬೇರೆ ಜಾಸ್ತಿ. ಕುದುರೆ ಮಸಾಲೆ ರುಚಿಯಾಗಿರುತ್ತೆ, ಮರಿಗಳಿಗೆ ಆರು ತಿಂಗಳವರೆಗೆ ಕೊಡಬಹುದು. ದೊಡ್ಡ ಮೊಲಕ್ಕೆ ಅದರ ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತೆ.

ಒಣಗಿಸೋದು ಕಷ್ಟದ ಕೆಲಸ ಏನಲ್ಲ, ಆದ್ರೆ ಮಳೆ ನಿಂತಿರಬೇಕು. ಇಬ್ಬನಿ ಆರಿದ ಮೇಲೆ ಕೊಯ್ದು ತೆಳ್ಳಗೆ ಹರಡಿ, ದಿನಕ್ಕೆ ಎರಡು ಮೂರು ಸಲ ಮಗುಚಿ. ಎರಡು ದಿನ ಬಿಸಿಲು ಸಾಕು, ಆಮೇಲೆ ನೆರಳಲ್ಲಿ ಗಾಳಿಗೆ ಬಿಡಿ. ವಾರಗಟ್ಟಲೆ ಬಿಸಿಲಲ್ಲಿಟ್ಟರೆ ಬೆಳ್ಳಗಾಗಿ ವಾಸನೆಯೂ ಹೋಗುತ್ತೆ, ಕ್ಯಾರೋಟಿನ್ನೂ ಹೋಗುತ್ತೆ. ಒಂದು ಹಿಡಿ ತಿರುಚಿದರೆ ಕಡ್ಡಿ ಪಟ್ ಅಂತ ಮುರೀಬೇಕು, ಬಾಗಿದರೆ ಇನ್ನೂ ತೇವ ಇದೆ ಅಂತ. ತೇವ ಇರೋ ಹುಲ್ಲನ್ನು ಚೀಲಕ್ಕೆ ತುಂಬಿದರೆ ಒಳಗೆ ಬಿಸಿಯಾಗಿ ಬೂಸ್ಟು ಹಿಡಿಯುತ್ತೆ, ಆ ಹುಲ್ಲು ತಿಪ್ಪೆಗೆ ಹಾಕಿ, ಮೊಲಕ್ಕಲ್ಲ. ಪಾರ್ಥೇನಿಯಂ, ಲಂಟಾನ ಸೇರಿದ್ದರೆ ಆರಿಸಿ ತೆಗೆಯಿರಿ.

ರಸ್ತೆ ಪಕ್ಕದ ಹುಲ್ಲು, ಕಳೆನಾಶಕ ಹೊಡೆದ ಬದುವಿನ ಹುಲ್ಲು ಬೇಡ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ. ಆದರೆ ಸಾವಯವ ರೈತರಿಗೆ ಇಲ್ಲೊಂದು ಅವಕಾಶ ಇದೆ. ಎರಡು ಕೆಜಿ ತೂಕದ ಮೊಲ ದಿನಕ್ಕೆ ಸುಮಾರು 80ರಿಂದ 100 ಗ್ರಾಂ ಒಣಹುಲ್ಲು ತಿನ್ನುತ್ತೆ, ಅಂದ್ರೆ ವರ್ಷಕ್ಕೆ 30 ಕೆಜಿ ಮೇಲೆ. ನಾಲ್ಕು ಕೆಜಿ ಹಸಿ ಹುಲ್ಲು ಒಣಗಿದರೆ ಒಂದು ಕೆಜಿ ಆಗಬಹುದು. ಕಳೆ ಅಂತ ನಾವು ಕಿತ್ತು ಎಸೆಯುವ ಗರಿಕೆಗೆ ಪಟ್ಟಣದಲ್ಲಿ ಗಿರಾಕಿ ಇದ್ದಾರೆ. ಇದರಿಂದ ಶ್ರೀಮಂತರಾಗ್ತೀವಿ ಅಂತ ಹೇಳ್ತಿಲ್ಲ, ತರಕಾರಿ ಬುಟ್ಟಿಯ ಜೊತೆ ಒಂದು ಚೀಲ ಹೋದರೆ ನಷ್ಟವಿಲ್ಲ ಅಷ್ಟೆ.

ಹುಲ್ಲು ಸರಿ ಇದ್ದೂ ತಿನ್ನದಿದ್ದರೆ? ಪೆಲೆಟ್ ತೂಗಿ ನೋಡಿ. ದೊಡ್ಡ ಮೊಲಕ್ಕೆ ದೇಹದ ಪ್ರತಿ ಕೆಜಿಗೆ ದಿನಕ್ಕೆ 25 ಗ್ರಾಂ ಮೀರಬಾರದು, ಬಹಳ ಮನೆಗಳಲ್ಲಿ ಬಟ್ಟಲು ತುಂಬಾ ಸುರೀತಾರೆ. ಒಂದೇ ದಿನಕ್ಕೆ ನಿಲ್ಲಿಸಬೇಡಿ, ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ವಾರವಾರ ಮೊಲದ ತೂಕ ನೋಡಿ. ಇರೋ ಪೆಲೆಟ್ಟನ್ನೂ ಬಟ್ಟಲಲ್ಲಿ ಕೊಡದೆ ಹುಲ್ಲಿನೊಳಗೆ ಉದುರಿಸಿ, ಹುಡುಕೋವಾಗ ನಾಲ್ಕು ಎಳೆ ಬಾಯಿಗೆ ಹೋಗುತ್ತೆ. ಹಸಿ ಗರಿಕೆ ತಿನ್ನೋ ಮೊಲ ಆದ್ರೆ ಹಸಿದರ ಜೊತೆ ಒಣಗಿದ್ದನ್ನು ಬೆರೆಸಿ, ದಿನದಿನಕ್ಕೆ ಒಣಗಿದ್ದು ಹೆಚ್ಚಿಸಿ. ಒಣಗಿಸಿದ ಕೊತ್ತಂಬರಿ, ಪುದೀನ ಚೂರು ಉದುರಿಸಿದರೆ ವಾಸನೆಗೆ ಬರುತ್ತವೆ. ಮೊಲಕ್ಕೆ ಹಿಕ್ಕೆ ಹಾಕುತ್ತಾ ಮೇಯುವ ಅಭ್ಯಾಸ, ಅದಕ್ಕೇ ಹುಲ್ಲಿನ ಬುಟ್ಟಿಯನ್ನು ಅದರ ಕಕ್ಕಸಿನ ಟ್ರೇ ಪಕ್ಕದಲ್ಲೇ ಇಡಿ. ನಮಗೆ ಅಸಹ್ಯ ಅನ್ನಿಸಬಹುದು, ಅದಕ್ಕಲ್ಲ. ಮುಂಜಾನೆ, ಸಂಜೆ ಅದು ಚುರುಕಾಗಿರೋ ಹೊತ್ತು. ಆಗ ಹಳೆಯದನ್ನು ತೆಗೆದು ಹೊಸ ಹಿಡಿ ಹಾಕಿ. ತೆಗೆದ ಹುಲ್ಲು ಹಿಕ್ಕೆ ಸಮೇತ ನೇರ ಕುಂಡಕ್ಕೆ ಮುಚ್ಚಿಗೆಯಾಗುತ್ತೆ.

ಕ್ಯಾರೆಟ್ ವಾರಕ್ಕೆ ಒಂದೆರಡು ಚೂರು ಸಾಕು. ಸೊಪ್ಪು ಕೇಳಿ, ಅದನ್ನು ನಾನು ಪುಕ್ಕಟೆ ಕೊಡ್ತೀನಿ.