ಮನೆ ಮಾರಾಟವಾದರೆ ಹೆಣ್ಣಿಗೆ ನೆಲೆ ಎಲ್ಲಿ?



ಮನೆ ಮಾರುವವನು ಒಬ್ಬ, ಕೊಳ್ಳುವವನು ಮತ್ತೊಬ್ಬ. ಬೀದಿಗೆ ಬೀಳುವವಳು ಮಾತ್ರ ಅಲ್ಲಿ ಬಾಡಿಗೆಗಿದ್ದ ಹೆಣ್ಣು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ದುಡಿಯುವವರಿಗೂ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರಿಗೂ ಈ ಭಯ ಹೊಸದಲ್ಲ. ನೇಕಾರರಿಗಂತೂ ಮನೆಯೇ ಕಾರ್ಖಾನೆ. ಮನೆ ಬಿಟ್ಟರೆ ಮಗ್ಗ ಕೀಳಬೇಕು, ಅಂದಿನಿಂದ ಕೂಲಿಯೂ ಇಲ್ಲ.

ವರದಕ್ಷಿಣೆಯ ವಿರುದ್ಧ ಹೋರಾಡುವ ಪತ್ರಿಕೆಗೆ ಬಾಡಿಗೆ ಮನೆಯ ವಿಚಾರವೇಕೆ? ಹೊಸ ಮನೆಗೆ ಅಡ್ವಾನ್ಸ್ ಹೊಂದಿಸಬೇಕಾದಾಗ ಎಷ್ಟೋ ಗಂಡಂದಿರ ಬಾಯಿಂದ ಮೊದಲು ಬರುವ ಮಾತು, "ನಿನ್ನ ತವರಿನಿಂದ ತಾ." ಹೊಡೆತ ಶುರುವಾಗುವುದೂ ಅಲ್ಲಿಂದಲೇ. ಮನೆ ಕಟ್ಟಲು ಸೊಸೆಯಿಂದ ಹಣ ಕೇಳುವುದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ, ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದೆ. ಅದೇ ನ್ಯಾಯ ಬಾಡಿಗೆ ಮನೆಯ ಅಡ್ವಾನ್ಸಿಗೂ ಸಲ್ಲಬೇಕೆಂದು ನಾನು ವಾದಿಸುತ್ತೇನೆ.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಮುರಿಯುವುದಿಲ್ಲ. ಕೊಂಡವನು ಹಳೆಯ ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಆದರೆ ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಯನ್ನು 15 ದಿನಗಳ ಲಿಖಿತ ನೋಟೀಸಿನಿಂದ ಕೊನೆಗೊಳಿಸಬಹುದು. ಹದಿನೈದು ದಿನದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಗಂಡನೊಡನೆ ಬಾಳಿದ ಬಾಡಿಗೆ ಮನೆಯನ್ನೂ ಹೆಣ್ಣಿನ ವಾಸದ ಮನೆಯೆಂದೇ ಎಣಿಸುತ್ತದೆ, ಕರಾರು ಯಾರ ಹೆಸರಿನಲ್ಲಿದ್ದರೂ ಸರಿ. ದೌರ್ಜನ್ಯಕ್ಕೆ ಒಳಗಾದವಳಿಗೆ ಅದೇ ಮಟ್ಟದ ಬೇರೆ ಮನೆ ಒದಗಿಸುವಂತೆ, ಇಲ್ಲವೇ ಬಾಡಿಗೆ ಕಟ್ಟುವಂತೆ ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶಿಸಬಹುದು. ಆದರೆ ಈ ಆದೇಶ ಕಟ್ಟಿಹಾಕುವುದು ಗಂಡನನ್ನು, ಮನೆ ಮಾಲೀಕನನ್ನಲ್ಲ.

ಸರ್ಕಾರದ ವಸತಿ ಯೋಜನೆಗಳ ಗಮನವೆಲ್ಲ ಹೆಚ್ಚಾಗಿ ಸ್ವಂತ ಮನೆಯ ಮೇಲೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಾಡಿಗೆ ಮನೆಗಳಿಗೂ ಒಂದು ಭಾಗವಿದೆ. ವಿಧವೆಯರಿಗೂ ಒಂಟಿ ಮಹಿಳೆಯರಿಗೂ ಆದ್ಯತೆಯಿದೆ. ಆದರೆ ಮನೆ ಕಟ್ಟಿ ಮುಗಿಯುವವರೆಗೆ ತಲೆಯ ಮೇಲೆ ಸೂರು ಬೇಡವೇ? ಐರ್ಲೆಂಡಿನಲ್ಲಿ 2023ರಲ್ಲಿ ಬೇರೆ ದಾರಿ ಹಿಡಿದರು. ಮಾಲೀಕ ಮಾರಲು ಹೊರಟ ಮನೆಯನ್ನು ಸ್ಥಳೀಯ ಆಡಳಿತವೇ ಕೊಂಡು, ಬಡ ಬಾಡಿಗೆದಾರರನ್ನು ಅಲ್ಲೇ ಉಳಿಸುವ ಕ್ರಮವನ್ನು ವಿಸ್ತರಿಸಿದರು. ಹಣ ಸಾಲದಿರಬಹುದು, ಎಲ್ಲರಿಗೂ ದಕ್ಕದಿರಬಹುದು. ಆದರೂ ಮಾರಾಟದ ಹೊರೆಯನ್ನು ಬಾಡಿಗೆಯವರ ತಲೆಗೇ ಕಟ್ಟಬಾರದೆಂದು ಒಂದು ಸರ್ಕಾರ ಒಪ್ಪಿತಲ್ಲ!

ಚಳ್ಳಕೆರೆ ನಗರಸಭೆಯ ಮುಂದೆ, ಮೊಳಕಾಲ್ಮೂರು ಪಟ್ಟಣ ಪಂಚಾಯಿತಿಯ ಮುಂದೆ ನಮ್ಮ ಹಕ್ಕೊತ್ತಾಯ ಇಷ್ಟು: ಮಾರಾಟದಿಂದ ನೆಲೆ ಕಳೆದುಕೊಂಡ ಕುಟುಂಬಗಳ ಪಟ್ಟಿ ಮಾಡಿ; ನಿವೇಶನ, ಮನೆ ಹಂಚುವಾಗ ಅವರನ್ನು ಮುಂದಿಡಿ. ನೋಟೀಸಿನ ಅವಧಿ ಹೆಚ್ಚಿಸಲು ಸರ್ಕಾರಕ್ಕೆ ಬರೆಯಿರಿ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಕರಾರು ಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ. ಅಡ್ವಾನ್ಸಿಗೂ ಬಾಡಿಗೆಗೂ ರಸೀದಿ ಪಡೆಯಿರಿ. ನೋಟೀಸು ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಮಹಿಳೆಗೆ ಅಲ್ಲಿ ಉಚಿತ ನೆರವುಂಟು. ಅಡ್ವಾನ್ಸಿಗೆ ಸಂಘದಿಂದ ಸಾಲ ಕೊಡುವ ನಿರ್ಣಯವನ್ನು ಮುಂದಿನ ಸಭೆಯಲ್ಲೇ ಮಾಡಿ. ಸಂಘದ ಗಂಟಿನಿಂದ ಒಬ್ಬಳ ಅಡ್ವಾನ್ಸ್ ಹುಟ್ಟಿದರೂ ಒಂದು ತವರು ಸಾಲದಿಂದ ಉಳಿಯುತ್ತದೆ, ಒಬ್ಬ ಹೆಣ್ಣುಮಗಳು ಏಟಿನಿಂದ ಉಳಿಯುತ್ತಾಳೆ.